ಕೆರೆತಾರೊ: ನಗರದ ಬೆಳವಣಿಗೆ ಮತ್ತು ನೀರು

ಕೆರೆತಾರೊ ಮಧ್ಯ ಮೆಕ್ಸಿಕೊದ ಒಂದು ನಗರ, ಅದೇ ಹೆಸರಿನ ರಾಜ್ಯದ ರಾಜಧಾನಿ. ಪೂರ್ಣ ಹೆಸರು ಸಾಂತಿಯಾಗೊ ದೆ ಕೆರೆತಾರೊ. ಮೆಕ್ಸಿಕೊ ಸಿಟಿಯಿಂದ ವಾಯವ್ಯಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,800 ಮೀ. ಎತ್ತರದ ಒಣ ಪ್ರಸ್ಥಭೂಮಿಯಲ್ಲಿದೆ. 1990ರಲ್ಲಿ ಇಲ್ಲಿನ ಪುರಸಭಾ ವ್ಯಾಪ್ತಿಯ ಜನಸಂಖ್ಯೆ ಸುಮಾರು 4.5 ಲಕ್ಷ, 2020ರ ಜನಗಣತಿಯ ಹೊತ್ತಿಗೆ ಅದು ಹತ್ತು ಲಕ್ಷ ದಾಟಿತ್ತು. ಕೊರೆಹಿದೊರಾ, ಎಲ್ ಮಾರ್ಕೆಸ್ ಮೊದಲಾದ ನೆರೆಯ ಪುರಸಭೆಗಳನ್ನೂ ಸೇರಿಸಿಕೊಂಡರೆ 16 ಲಕ್ಷದ ಆಸುಪಾಸು. ಈ ಬೆಳವಣಿಗೆ ನಗರಕ್ಕೆ ದುಡಿಮೆಯನ್ನು ತಂದಿತು. ಜೊತೆಗೆ ನೀರಿನ ಕೊರತೆಯನ್ನೂ ತಂದಿತು.

ಒತೊಮಿ ಮೂಲನಿವಾಸಿಗಳ ನೆಲದಲ್ಲಿ ಸ್ಪೇನಿನವರು 1531ರಲ್ಲಿ ನೆಲೆಯೂರಿದರೆಂಬುದು ಸಂಪ್ರದಾಯದ ಲೆಕ್ಕ. 18ನೆಯ ಶತಮಾನದಲ್ಲಿ ಊರು ಸಿರಿವಂತವಾಯಿತು. 1726ರಿಂದ 1738ರವರೆಗೆ ಕಟ್ಟಿದ, 74 ಕಮಾನುಗಳ ಕಲ್ಲಿನ ಮೇಲ್ಗಾಲುವೆ ಲಾ ಕಾನ್ಯಾದಾ ಕಣಿವೆಯ ಬುಗ್ಗೆಗಳಿಂದ ನೀರು ತಂದು ಬೀದಿಬೀದಿಯ ಕಾರಂಜಿಗಳಿಗೆ ಹಂಚುತ್ತಿತ್ತು. ಮೆಕ್ಸಿಕೊದ ಚಕ್ರವರ್ತಿಯಾಗಿದ್ದ ಮ್ಯಾಕ್ಸಿಮಿಲಿಯನ್‌ನನ್ನು ಗುಂಡಿಕ್ಕಿ ಕೊಂದದ್ದು 1867ರಲ್ಲಿ, ಇಲ್ಲಿನ ಲಾಸ್ ಕಂಪಾನಾಸ್ ಗುಡ್ಡದ ಮೇಲೆ. ಇಂದಿಗೂ ಜಾರಿಯಲ್ಲಿರುವ ಮೆಕ್ಸಿಕೊದ ಸಂವಿಧಾನವನ್ನು ಘೋಷಿಸಿದ್ದು 1917ರ ಫೆಬ್ರವರಿ 5ರಂದು, ಇದೇ ಊರಿನ ರಂಗಮಂದಿರವೊಂದರಲ್ಲಿ. ಅದರ 27ನೆಯ ವಿಧಿ ದೇಶದ ನೆಲ ಮತ್ತು ನೀರಿನ ಮೂಲ ಒಡೆತನವನ್ನು ರಾಷ್ಟ್ರಕ್ಕೆ ಒಪ್ಪಿಸಿತು. ಇಂದಿನ ಕೆರೆತಾರೊದ ನೆಲ-ನೀರಿನ ಬಹುಪಾಲು ಜಗಳಗಳು ಆ ವಿಧಿಯ ಸುತ್ತಲೇ ನಡೆಯುತ್ತಿವೆ.

ಕೈಗಾರಿಕೆ ಈ ಊರಿಗೆ ಹೊಸದಲ್ಲ. ಎರ್ಕುಲೆಸ್ ಬಟ್ಟೆ ಗಿರಣಿ 19ನೆಯ ಶತಮಾನದ್ದು. ಆದರೆ ವೇಗ ಬಂದದ್ದು 20ನೆಯ ಶತಮಾನದ ನಡುವಿನಿಂದ. ಕೆಲಾಗ್ಸ್‌ನಂಥ ಕಂಪನಿಗಳು ಕಾರ್ಖಾನೆ ತೆರೆದವು, 1958ರಲ್ಲಿ ದೇಶದ ರಾಜಧಾನಿ ಮೆಕ್ಸಿಕೊ ಸಿಟಿಗೆ ಹೆದ್ದಾರಿಯಾಯಿತು. 1985ರ ಸೆಪ್ಟೆಂಬರ್ ಭೂಕಂಪ ಮೆಕ್ಸಿಕೊ ಸಿಟಿಯನ್ನು ನಡುಗಿಸಿದ ಮೇಲೆ ಅಲ್ಲಿಂದ ಕುಟುಂಬಗಳು ಇತ್ತ ಬಂದವು. 2004ರಲ್ಲಿ ಹೊಸ ವಿಮಾನ ನಿಲ್ದಾಣ ತೆರೆಯಿತು. ಕೆನಡಾದ ಬೊಂಬಾರ್ಡಿಯೆ 2006ರಲ್ಲಿ ವಿಮಾನದ ಬಿಡಿಭಾಗಗಳ ತಯಾರಿಕೆ ಆರಂಭಿಸಿತು. ಅದಕ್ಕೆ ಬೇಕಾದ ಕುಶಲಕರ್ಮಿಗಳನ್ನು ತರಬೇತುಗೊಳಿಸಲೆಂದೇ ಸರ್ಕಾರ 2007ರಲ್ಲಿ ವೈಮಾನಿಕ ವಿಶ್ವವಿದ್ಯಾಲಯ ಸ್ಥಾಪಿಸಿತು. ಸಫ್ರಾನ್, ಏರ್‌ಬಸ್ ಹೆಲಿಕಾಪ್ಟರ್ಸ್ ಕೂಡ ಬಂದವು. ಊರಿನ ಯುವಕ ಯುವತಿಯರಿಗೆ ಊರಿನಲ್ಲೇ ಕಲಿಕೆ, ಊರಿನಲ್ಲೇ ಕೆಲಸ: ಈ ಸಾಧನೆಯನ್ನು ಕಡೆಗಣಿಸುವಂತಿಲ್ಲ.

ನಗರ ಹರಡಿದ್ದು ಹೊಲಗಳ ಮೇಲೆ. 1910ರ ಕ್ರಾಂತಿಯ ಬಳಿಕ ಹಳ್ಳಿಗರಿಗೆ ಸಾಮೂಹಿಕವಾಗಿ ಸಿಕ್ಕಿದ ಜಮೀನಿಗೆ ಎಹಿದೊ ಎನ್ನುತ್ತಾರೆ. ಅದನ್ನು ಮಾರುವಂತಿರಲಿಲ್ಲ. 1992ರಲ್ಲಿ 27ನೆಯ ವಿಧಿಗೆ ತಿದ್ದುಪಡಿಯಾಗಿ, ಎಹಿದೊ ಜಮೀನು ಖಾಸಗಿ ಸ್ವತ್ತಾಗುವ ದಾರಿ ತೆರೆಯಿತು. ಮಳೆ ನಂಬಿದ ಮೆಕ್ಕೆಜೋಳದ ಹೊಲಕ್ಕಿಂತ ನಿವೇಶನಕ್ಕೆ ಹೆಚ್ಚು ಬೆಲೆ ಬಂದಾಗ ರೈತ ಮಾರಿದ; ಅವನನ್ನು ದೂರುವುದರಲ್ಲಿ ಅರ್ಥವಿಲ್ಲ. ಉತ್ತರದಲ್ಲಿ ಹುರಿಕಿಯಾ, ಎಲ್ ಮಾರ್ಕೆಸ್ ಕಡೆ ಸಿಬತಾ, ಹೀಗೆ ಕಾವಲುಗಾರರಿರುವ ಬಡಾವಣೆಗಳು ಒಂದರ ಹಿಂದೊಂದು ಎದ್ದವು. ಇಲ್ಲಿನ ಬದುಕು ಕಾರನ್ನು ನಂಬಿದ್ದು. ಹೆದ್ದಾರಿ 57ರಲ್ಲಿ ಸರಕಿನ ಲಾರಿಗಳೂ ಕೆಲಸಕ್ಕೆ ಹೋಗುವವರ ವಾಹನಗಳೂ ಒಂದೇ ಸಾಲಿನಲ್ಲಿ ತೆವಳುತ್ತವೆ. ದಕ್ಷಿಣಕ್ಕಿರುವ ಸಿಮತಾರಿಯೊ ಗುಡ್ಡ 1982ರಿಂದ ರಾಷ್ಟ್ರೀಯ ಉದ್ಯಾನ. ಅದರ ಬುಡದವರೆಗೂ ಮನೆಗಳು ಬಂದಿವೆ. ಇಳಿಜಾರಿಗೆಲ್ಲ ಕಾಂಕ್ರೀಟ್ ಹಾಕಿದ್ದರಿಂದ ಮಳೆನೀರು ಇಂಗದೆ ತಗ್ಗಿನ ಬೀದಿಗಳಿಗೆ ನುಗ್ಗುತ್ತದೆ.

ಈ ಕಣಿವೆಗೆ ವರ್ಷಕ್ಕೆ ಬೀಳುವ ಮಳೆ 550 ಮಿ.ಮೀ. ಆಸುಪಾಸು, ಅದೂ ಬಹುಪಾಲು ಜೂನ್–ಸೆಪ್ಟೆಂಬರ್ ತಿಂಗಳುಗಳಲ್ಲಿ. ನಗರ ದಶಕಗಳ ಕಾಲ ಕೊಳವೆಬಾವಿಗಳನ್ನೇ ನೆಚ್ಚಿತು, ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ನೀರನ್ನು ಎತ್ತಿತು, ಅಂತರ್ಜಲ ಕೆಳಗೆ ಕೆಳಗೆ ಇಳಿಯಿತು. ಕೊನೆಗೆ ಹಿದಾಲ್ಗೊ ರಾಜ್ಯದ ಗಡಿಯ ಮೊಕ್ತೆಸುಮಾ ನದಿಯ ಕಂದರದಿಂದ ಸುಮಾರು 120 ಕಿ.ಮೀ. ಉದ್ದದ ಕೊಳವೆ ಮಾರ್ಗ ಹಾಕಿ, ನೀರನ್ನು ಬೆಟ್ಟ ಹತ್ತಿಸಿ ತರಲಾಯಿತು. 2011ರಲ್ಲಿ ಉದ್ಘಾಟನೆಯಾದ ಇದರ ಹೆಸರು ಎರಡನೆಯ ಮೇಲ್ಗಾಲುವೆ. 18ನೆಯ ಶತಮಾನದ ಕಾಲುವೆಯಲ್ಲಿ ನೀರು ತನ್ನಷ್ಟಕ್ಕೆ ಇಳಿದು ಬರುತ್ತಿತ್ತು. ಇಲ್ಲಿ ಪ್ರತಿ ಲೀಟರಿಗೂ ವಿದ್ಯುತ್ ಸುಡಬೇಕು. ಅದೂ ಸಾಲದೆ ಮತ್ತಷ್ಟು ಯೋಜನೆಗಳು ಚರ್ಚೆಗೆ ಬಂದಿವೆ. ಕೊಳಚೆ ನೀರನ್ನು ಶುದ್ಧೀಕರಿಸಿ ಎಲ್ ಬತಾನ್ ಜಲಾಶಯಕ್ಕೆ ಬಿಟ್ಟು ಮತ್ತೆ ಕುಡಿಯಲು ಕೊಡುವ ಪ್ರಸ್ತಾಪ ಜನರ ಪ್ರತಿರೋಧ ಎದುರಿಸಿತು.

2022ರಲ್ಲಿ ರಾಜ್ಯ ತಂದ ನೀರಿನ ಕಾಯಿದೆ ಖಾಸಗಿಯವರ ಕೈಗೆ ಸರಬರಾಜನ್ನು ಕೊಡುತ್ತದೆಂದು ನಗರದಲ್ಲೂ ಒತೊಮಿ ಹಳ್ಳಿಗಳಲ್ಲೂ ಪ್ರತಿಭಟನೆಗಳಾದವು. ಅಮೆಯಾಲ್ಕೊ ಪುರಸಭೆಯ ಸಾಂತಿಯಾಗೊ ಮೆಸ್ಕಿತಿತ್ಲಾನ್ ಗ್ರಾಮಸ್ಥರು ತಮ್ಮೂರ ಬಾವಿಯ ಮೇಲಿನ ಹಕ್ಕಿಗಾಗಿ ಬೀದಿಗಿಳಿದರು. ನಗರದ ಬೆಳವಣಿಗೆಯ ಬೆಲೆಯನ್ನು ಅದರ ಫಲ ಕಾಣದವರೂ ತೆರುತ್ತಿದ್ದಾರೆ ಎಂಬುದಕ್ಕೆ ಇದು ಸಾಕ್ಷಿ.

ಇಷ್ಟರಲ್ಲೇ ಡೇಟಾ ಸೆಂಟರ್‌ಗಳು ಬಂದವು. ರಾಜಧಾನಿಗೆ ಹತ್ತಿರ, ಭೂಕಂಪದ ಭಯ ಕಡಿಮೆ, ಹವೆ ತಂಪು ಎಂಬ ಕಾರಣಗಳಿಗೆ ಮೈಕ್ರೋಸಾಫ್ಟ್ ಮತ್ತು ಗೂಗಲ್ 2024ರಲ್ಲಿ ಇಲ್ಲಿ ಕ್ಲೌಡ್ ಕೇಂದ್ರಗಳನ್ನು ತೆರೆದವು. 2025ರ ಜನವರಿಯಲ್ಲಿ ಅಮೆಜಾನ್ ತನ್ನದನ್ನು ಆರಂಭಿಸಿ, 15 ವರ್ಷಗಳಲ್ಲಿ 500 ಕೋಟಿ ಡಾಲರಿಗೂ ಹೆಚ್ಚು ಹೂಡುವುದಾಗಿ ಸಾರಿತು. ಯಂತ್ರಗಳನ್ನು ತಣಿಸಲು ಗಾಳಿ ಬಳಸಿದರೆ ವಿದ್ಯುತ್ತು ಹೆಚ್ಚು ಬೇಕು, ನೀರು ಬಳಸಿದರೆ ಕಣಿವೆಯ ಪಾಲು ಕರಗುತ್ತದೆ. ಕಟ್ಟಡ ಮುಗಿದ ಮೇಲೆ ಇಲ್ಲಿ ಉಳಿಯುವ ಉದ್ಯೋಗಗಳೂ ವಿಮಾನ ಕಾರ್ಖಾನೆಯಷ್ಟಿಲ್ಲ.

ಯುನೆಸ್ಕೊ 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಳೆಯ ಊರಿನಲ್ಲಿ ಬದಲಾವಣೆ ಬೇರೆ ಬಗೆಯದು. ಒಳಂಗಳದ ಮನೆಗಳು ಹೋಟೆಲುಗಳಾಗಿವೆ, ಎರ್ಕುಲೆಸ್ ಗಿರಣಿಯಲ್ಲಿ ಈಗ ಬಿಯರ್ ತಯಾರಾಗುತ್ತದೆ. ಸೆಪ್ಟೆಂಬರಿನ ಪವಿತ್ರ ಶಿಲುಬೆಯ ಹಬ್ಬದಲ್ಲಿ ಕುಣಿಯುವ ಕೊಂಚೆರೊ ನರ್ತಕರ ನೆಲೆಯಾದ ಸಾನ್ ಫ್ರಾನ್ಸಿಸ್ಕಿತೊ ಕೇರಿಯವರು ತಮ್ಮ ಕೇರಿ ಕೈತಪ್ಪಿಹೋಗದಂತೆ ಸಂಘಟಿತರಾಗಿದ್ದಾರೆ. 2014ರಲ್ಲಿ ಗುತ್ತಿಗೆ ರದ್ದಾಗಿ ನಿಂತಿದ್ದ ಮೆಕ್ಸಿಕೊ ಸಿಟಿ–ಕೆರೆತಾರೊ ರೈಲು ಯೋಜನೆಗೆ 2025ರಲ್ಲಿ ಮರುಜೀವ ಬಂದು ಕಾಮಗಾರಿ ಆರಂಭವಾಯಿತು. ಅದು ಓಡತೊಡಗಿದರೆ ರಾಜಧಾನಿಯಿಂದ ಬರುವವರು ಇನ್ನೂ ಹೆಚ್ಚುವುದು ಖಚಿತ.

ನೀರನ್ನು ಪ್ರತಿಯೊಬ್ಬರ ಹಕ್ಕೆಂದು 2012ರ ತಿದ್ದುಪಡಿ ಸಂವಿಧಾನದ 4ನೆಯ ವಿಧಿಯಲ್ಲಿ ಬರೆಯಿತು. ಆ ಹಕ್ಕು ಕೆರೆತಾರೊದಲ್ಲಿ ನಿಜವಾಗಬೇಕಾದರೆ ಪ್ರತಿ ಹೊಸ ಬಡಾವಣೆಯೂ ಪ್ರತಿ ಹೊಸ ಡೇಟಾ ಸೆಂಟರೂ ಎಷ್ಟು ನೀರು ಬಳಸುತ್ತದೆ, ಎಲ್ಲಿಂದ ತರುತ್ತದೆ ಎಂಬ ಲೆಕ್ಕ ಅನುಮತಿಗೆ ಮುನ್ನವೇ ಜನರ ಮುಂದೆ ಬರಬೇಕು.