ಯುದ್ಧಕ್ಕೆ ಹೋದ ಆನೆ

ಚೆಸ್ ಆಡುವ ಮಕ್ಕಳಿಗೆ ಕುದುರೆಯ ಜೊತೆಗೆ ಆನೆ, ಒಂಟೆಗಳೂ ಗೊತ್ತು. ನಮ್ಮ ಹಳೆಯ ಸೈನ್ಯಗಳೂ ಹೆಚ್ಚುಕಡಿಮೆ ಹಾಗೆಯೇ. ರಥ, ಆನೆ, ಕುದುರೆ, ಕಾಲಾಳು ಸೇರಿದರೆ ಚತುರಂಗ ಬಲ. ಕನ್ನಡ ನಾಡಿನ ಅರಸರಿಗೆ ಆನೆಯೆಂದರೆ ಹೆಮ್ಮೆ. ತಲಕಾಡಿನ ಗಂಗರ ಲಾಂಛನವೇ ಆನೆ.

ಬಾದಾಮಿಯ ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ತಡೆದ ಕಥೆಯನ್ನು ಎಲ್ಲರೂ ಓದಿರುತ್ತೇವೆ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ ಈ ಗೆಲುವನ್ನು ಹೊಗಳುವಾಗ, ರಣರಂಗದಲ್ಲಿ ಉರುಳಿದ ಹರ್ಷನ ಆನೆಗಳನ್ನು ಮರೆಯದೆ ಹೇಳುತ್ತಾನೆ.

ಪುಲಕೇಶಿಯ ಆನೆಗಳ ಬಗ್ಗೆ ಹೇಳಿದವನು ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್. ಅರಸನ ಬಳಿ ನೂರಾರು ಆನೆಗಳಿದ್ದವು, ಕಾಳಗಕ್ಕೆ ಮುನ್ನ ಅವುಗಳಿಗೆ ಮದ್ಯ ಕುಡಿಸುತ್ತಿದ್ದರು ಎಂದು ಅವನು ಬರೆದಿದ್ದಾನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಆನೆಗೆ ಯುದ್ಧ ಬೇಕಿದ್ದರೆ ಮದ್ಯ ಯಾಕೆ?

ಆನೆಯ ಕುತ್ತಿಗೆಯ ಮೇಲೆ ಮಾವುತ, ಬೆನ್ನ ಮೇಲೆ ಬಿಲ್ಲು, ಭರ್ಜಿ ಹಿಡಿದ ಯೋಧರು. ಎದುರಾಳಿಗಳ ಸಾಲು ಒಡೆಯಲು ಅದಕ್ಕಿಂತ ಬೇರೆ ಬಲವಿರಲಿಲ್ಲ. ಆದರೆ ಗಾಯಗೊಂಡು ಬೆದರಿ ಹಿಂತಿರುಗಿದರೆ ತುಳಿಯುವುದು ತನ್ನವರನ್ನೇ. ನಮ್ಮ ಜಿಲ್ಲೆಯ ಮುಳಿಯಾರು, ದೇಲಂಪಾಡಿ ಕಡೆಯ ಕೃಷಿಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಟಕ್ಕೆ ಇಳಿದ ಕಾಡಾನೆಯನ್ನು ಅವರು ಅಟ್ಟುವುದು ಪಟಾಕಿ ಸಿಡಿಸಿಯೇ. ತೋಪು, ಬಂದೂಕು ಬಂದ ಮೇಲೆ ಯುದ್ಧದ ಆನೆ ಮೆಲ್ಲಮೆಲ್ಲನೆ ಮುಂಚೂಣಿಯಿಂದ ಹಿಂದೆ ಸರಿದು, ತೋಪು ಎಳೆಯುವ, ಹೊರೆ ಹೊರುವ ಕೆಲಸಕ್ಕೆ ಇಳಿಯಿತು.

ಗೆದ್ದ ಅರಸನ ಹೆಸರು ಕಲ್ಲಿನಲ್ಲಿ ಉಳಿಯಿತು. ಕಾಡಿನಿಂದ ಹಿಡಿದು ತಂದು, ಕುಡಿಸಿ, ಕಾಳಗಕ್ಕೆ ಅಟ್ಟಿದ ಆನೆಗೆ ಈ ಜಗಳ ಯಾರದೆಂದೂ ಗೊತ್ತಿರಲಿಲ್ಲ. ಪುಲಕೇಶಿಯ ಪಾಠ ಮಾಡುವಾಗ ಮಕ್ಕಳಿಗೆ ಈ ಮಾತನ್ನೂ ಹೇಳೋಣ.