ಬೆರಳು ಯಾರ ಮಾತು ಕೇಳ್ಬೇಕು? (ಭಾಗ 4)

ಹೋದ ತಿಂಗಳು ಅಮ್ಮ ಫೋನಲ್ಲಿ ಒಂದು ಅರ್ಜಿ ತುಂಬ್ತಿದ್ರು. ಅಕ್ಷರ ಸಣ್ಣದು. ಎರಡು ಬೆರಳಿಟ್ಟು ಎಷ್ಟು ಹಿಗ್ಗಿಸಿದ್ರೂ ಪುಟ ದೊಡ್ಡದಾಗ್ಲಿಲ್ಲ. "ಫೋನ್ ಹಾಳಾಗಿದೆ ಕಣೋ" ಅಂದ್ರು. ಫೋನ್ ಸರಿಯಾಗೇ ಇತ್ತು. ಆ ಪುಟದ ಸಿಎಸ್‌ಎಸ್‌ನಲ್ಲಿ ಒಂದು ಸಾಲು ಅಡ್ಡ ನಿಂತಿತ್ತು. ಇವತ್ತು ಆ ಸಾಲಿನ ಕಥೆ.

2007ರಲ್ಲಿ ಐಫೋನ್ ಬಂದಾಗ ವೆಬ್ ಪುಟಗಳೆಲ್ಲ ಕಂಪ್ಯೂಟರ್ ಪರದೆಯ ಅಳತೆಗೆ ಮಾಡಿದವು. ಓದೋಕೆ ಆಗ್ಲಿ ಅಂತ, ಎರಡು ಸಲ ತಟ್ಟಿದ್ರೆ ಪುಟ ಹಿಗ್ಗುವ ಹಾಗೆ ಮಾಡಿದ್ರು. ಆದ್ರೆ ನೀವು ಒಂದೇ ಸಲ ತಟ್ಟಿದ್ರೂ, ಇನ್ನೊಂದು ಬರುತ್ತೇನೋ ಅಂತ ಬ್ರೌಸರ್ ಸುಮಾರು 300 ಮಿಲಿಸೆಕೆಂಡ್ ಕಾಯ್ತಿತ್ತು. ಲಿಂಕ್ ತೆರೆಯೋದು ತಡ ಅನ್ನಿಸ್ತಿದ್ದದ್ದು ಇದಕ್ಕೇ.

ಇನ್ನೊಂದು ತೊಂದರೆ ಸ್ಕ್ರೋಲಿಂಗ್‌ದು. ಬೆರಳು ಸರಿದಾಗ ಅದನ್ನ ತಡೆಯುವ ಅಧಿಕಾರ ಪುಟದ ಜಾವಾಸ್ಕ್ರಿಪ್ಟ್‌ಗೂ ಇತ್ತು. ಅದು ಬೆರಳಿನ ಮೇಲೆ ಕಣ್ಣಿಟ್ಟಿದ್ರೆ, ಅದರ ಉತ್ತರ ಬರೋವರೆಗೆ ಬ್ರೌಸರ್ ಪುಟ ಸರಿಸೋ ಹಾಗಿಲ್ಲ. ಕೋಡ್ ನಿಧಾನವಾದ್ರೆ ಪುಟ ತಡವರಿಸ್ತಿತ್ತು.

2012ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 10 ಒಂದು ದಾರಿ ತೋರಿಸ್ತು: ಪ್ರತಿ ಸಲ ಕೇಳೋದು ಬೇಡ, ಮೊದಲೇ ಬರೆದಿಡಿ. ಕಾಂಟ್ರಾಕ್ಟ್ ಕಾಯ್ದೆ ಓದಿದ ಬಿಕಾಂನವರಿಗೆ ಇದು ಬೇಗ ಅರ್ಥ ಆಗುತ್ತೆ, ಷರತ್ತು ಮುಂಚೆಯೇ ಗೊತ್ತಿದ್ರೆ ಆಮೇಲೆ ತಕರಾರಿಲ್ಲ. ಆ ಷರತ್ತಿನ ಹೆಸರು 'ಟಚ್-ಆ್ಯಕ್ಷನ್'. 'ಪ್ಯಾನ್-ವೈ' ಅಂತ ಬರೆದ್ರೆ ಮೇಲೆ ಕೆಳಗೆ ಸರಿಸೋದಷ್ಟೇ ಬ್ರೌಸರ್ ಪಾಲು. 'ಮ್ಯಾನಿಪ್ಯುಲೇಶನ್' ಅಂದ್ರೆ ಸರಿಸಬಹುದು, ಹಿಗ್ಗಿಸಬಹುದು, ಎರಡು ಸಲ ತಟ್ಟೋದು ಮಾತ್ರ ಇಲ್ಲ; ಹಾಗಾಗಿ ಕಾಯೋದೂ ಇಲ್ಲ. 'ನನ್' ಅಂದ್ರೆ ಬ್ರೌಸರ್‌ಗೆ ಏನೂ ಇಲ್ಲ, ಎಲ್ಲಾ ಪುಟದ್ದೇ. 2015ರಲ್ಲಿ ಇದು ಡಬ್ಲ್ಯೂ3ಸಿ ಮಾನದಂಡವಾಯ್ತು.

2017ರಲ್ಲಿ ಕ್ರೋಮ್ 56 ಇನ್ನೂ ಮುಂದೆ ಹೋಯ್ತು. ಇಡೀ ಪುಟದ ಮಟ್ಟದಲ್ಲಿ ಬೆರಳನ್ನ ಗಮನಿಸುವ ಕೋಡ್‌ಗೆ ಇನ್ಮೇಲೆ ಕಾಯಲ್ಲ ಅಂತು. ಸ್ಕ್ರೋಲಿಂಗ್ ನಯವಾಯ್ತು, ಆದ್ರೆ ಹಳೇ ತಡೆಯನ್ನೇ ನಂಬಿದ್ದ ಕೆಲವು ಪುಟಗಳು ಕೆಟ್ಟವು. ಅವಕ್ಕೆ ಹೇಳಿದ ಪರಿಹಾರವೂ ಟಚ್-ಆ್ಯಕ್ಷನ್ನೇ. 2019ರಲ್ಲಿ ಐಫೋನಿನ ಸಫಾರಿಯೂ ಇದನ್ನ ಪೂರ್ತಿ ಒಪ್ಪಿಕೊಳ್ತು.

ಚಿತ್ರ ಬಿಡಿಸೋ ಜಾಗಕ್ಕೆ, ಆಟದ ಪರದೆಗೆ 'ನನ್' ಬೇಕೇ ಬೇಕು. ಅದನ್ನೇ ಇಡೀ ಪುಟಕ್ಕೆ ಹಾಕಿದ್ರೆ ಕಣ್ಣು ಮಂದ ಇರೋರ ದಾರಿ ಮುಚ್ಚುತ್ತೆ. ಅಮ್ಮನ ಅರ್ಜಿಯಲ್ಲಿ ಆಗಿದ್ದು ಇದೇ. ಕೊನೆಗೆ ನಾನು ಓದಿ ಹೇಳಿದೆ, ಅವರು ತುಂಬಿದ್ರು.

ವೆಬ್‌ಸೈಟ್ ಮಾಡೋ ಗೆಳೆಯರೇ, ಆ ಸಾಲು ಬರೆಯೋ ಮುಂಚೆ ನಿಮ್ಮನೆ ಹಿರಿಯರ ಕೈಗೆ ಒಮ್ಮೆ ಫೋನ್ ಕೊಟ್ಟು ನೋಡಿ.

ಭಾಗ 5: ಪುಟ ಕೆಳಗೆಳೆದ್ರೆ ರಿಫ್ರೆಶ್ ಆಗೋದು ಯಾಕೆ?

#ವೆಬ್‌ಇತಿಹಾಸ #ಕನ್ನಡದಲ್ಲಿಟೆಕ್