ಕಟ್ಟುವ ಮೊದಲೇ ಕೊಂಡ ಮನೆ: ಉತ್ತರಹಳ್ಳಿ ಹೋಬಳಿಯ ಮುಂಗಡದ ಚರಿತ್ರೆ

ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಯಲ್ಲಿ, ಇನ್ನೂ ಆಗದಿರುವ ಬಡಾವಣೆಗೆ ಹಣ ಕಟ್ಟುವ ರೂಢಿ 1980ರ ದಶಕದಲ್ಲಿ ಬಲವಾಗಿ ಬೇರೂರಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1976ರಲ್ಲೇ ಹುಟ್ಟಿದ್ದರೂ ಅದರ ನಿವೇಶನಕ್ಕೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಆ ಕೊರತೆಯನ್ನು ಗೃಹ ನಿರ್ಮಾಣ ಸಹಕಾರ ಸಂಘಗಳು ತುಂಬಲು ಬಂದವು. ಕಾರ್ಖಾನೆ, ಬ್ಯಾಂಕು, ಕಚೇರಿಗಳ ನೌಕರರು ಸದಸ್ಯರಾಗಿ ಕಂತು ಕಟ್ಟುವುದು, ಸಂಘವು 1894ರ ಭೂಸ್ವಾಧೀನ ಕಾಯ್ದೆಯಡಿ ಸರ್ಕಾರದ ಮೂಲಕ ರೈತರ ಜಮೀನು ಪಡೆಯುವುದು, ಇದು ಆಗಿನ ಕ್ರಮ. ಸದಸ್ಯ ಮೊದಲ ಕಂತು ಕಟ್ಟುವ ಹೊತ್ತಿಗೆ ಆ ನೆಲ ಇನ್ನೂ ರೈತನದೇ ಆಗಿರುತ್ತಿತ್ತು. ಮುಂದಿನ ತೊಡಕುಗಳೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ವಾಜರಹಳ್ಳಿ, ರಘುವನಹಳ್ಳಿಯ ಮೊಕದ್ದಮೆ ಇದಕ್ಕೆ ದೊಡ್ಡ ಸಾಕ್ಷಿ. ಈ ಎರಡೂ ಊರುಗಳು ಉತ್ತರಹಳ್ಳಿ ಹೋಬಳಿಯವೇ. ಬೆಂಗಳೂರು ನಗರ ಸಹಕಾರ ಗೃಹ ನಿರ್ಮಾಣ ಸಂಘಕ್ಕಾಗಿ ಇಲ್ಲಿ ಜಮೀನು ಸ್ವಾಧೀನವಾಯಿತು. ಭೂಮಾಲೀಕರು ಕೋರ್ಟಿಗೆ ಹೋದರು. ಸ್ವಾಧೀನದ ಅಧಿಸೂಚನೆ ಹೊರಡಿಸಿಕೊಡಲು ಸಂಘವು ಮಧ್ಯವರ್ತಿಯೊಬ್ಬನೊಡನೆ ಹಣದ ಕರಾರು ಮಾಡಿಕೊಂಡಿತ್ತು, ಸರಿಯಾಗಿ ಮಂಜೂರಾದ ವಸತಿ ಯೋಜನೆಯೂ ಇರಲಿಲ್ಲ. ಹೈಕೋರ್ಟು ಸ್ವಾಧೀನವನ್ನು ರದ್ದುಪಡಿಸಿತು, 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ 1995ರಲ್ಲೇ ಇಂಥ ತೀರ್ಪು ಬಂದಿತ್ತು. ಎರಡರಲ್ಲೂ ರೈತರಿಗೆ ಸಿಕ್ಕಿದ್ದು ನ್ಯಾಯವೇ. ಆದರೆ ಕರಾರಿನ ಸುಳಿವೂ ಇಲ್ಲದೆ ಸಂಬಳದಲ್ಲಿ ಉಳಿಸಿ ಕಂತು ಕಟ್ಟಿದ ಸಾಮಾನ್ಯ ಸದಸ್ಯನೂ ಪೆಟ್ಟು ತಿಂದ.

ಸಂಘಕ್ಕೆ ಸೇರಲಾಗದವರು ರೆವಿನ್ಯೂ ಸೈಟಿನ ಕಡೆ ಹೊರಳಿದರು. ಕೃಷಿ ಜಮೀನನ್ನು ಭೂಪರಿವರ್ತನೆಯಿಲ್ಲದೆ ತುಂಡು ಮಾಡಿ, ರಸ್ತೆ, ಚರಂಡಿ, ನೀರು ಮುಂದೆ ಬರುತ್ತದೆಂದು ಹೇಳಿ ಮಾರಲಾಯಿತು. ಎಷ್ಟೋ ಕಡೆ ನೋಂದಾಯಿತ ಕ್ರಯಪತ್ರದ ಬದಲು ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಕೈಗಿಟ್ಟರು. ಜಿಪಿಎಯಿಂದ ಒಡೆತನ ದಾಟುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾದಾಗ ಉತ್ತರಹಳ್ಳಿಯೂ ನಗರದೊಳಗೆ ಬಂತು. ಇಂಥ ಬಹುಪಾಲು ಸೈಟುಗಳಿಗೆ ಸಿಕ್ಕಿದ್ದು ಬಿ ಖಾತಾ, ಅಂದರೆ ನಿಯಮಬದ್ಧವಲ್ಲದ ಸ್ವತ್ತಿನ ಖಾತೆ. ಅವನ್ನು ಸಕ್ರಮಗೊಳಿಸಬೇಕಿದ್ದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು.

ಆಮೇಲೆ ಬಂದದ್ದು ಫ್ಲ್ಯಾಟಿನ ಕಾಲ. ಕನಕಪುರ ರಸ್ತೆಗೆ ಮೆಟ್ರೊ ಬರುವ ಸುದ್ದಿಯೇ ಮಾರಾಟದ ಮಾತಾಯಿತು. ವಾಜರಹಳ್ಳಿ ನಿಲ್ದಾಣಕ್ಕೆ ರೈಲು ಬಂದದ್ದು 2021ರ ಜನವರಿಯಲ್ಲಿ. ಪ್ರೀ-ಲಾಂಚ್ ದರದ ಆಸೆಗೆ ನಕ್ಷೆ ಮಂಜೂರಾಗುವ ಮುನ್ನವೇ ಮುಂಗಡ ಕೊಟ್ಟವರಿದ್ದರು. ವಿಡಿಯೊ ಗೇಮುಗಳಲ್ಲೂ ಇದೇ ಬಗೆಯ ವ್ಯಾಪಾರವಿದೆ: ಸ್ಟೀಮ್ ಎಂಬ ಆನ್‌ಲೈನ್ ಮಳಿಗೆ 2013ರಿಂದ ಅರೆಬರೆ ಆಟಗಳನ್ನು ಮಾರುತ್ತಿದೆ, ಈಗಿನ ಸ್ಥಿತಿಯಲ್ಲೇ ಆಡಲು ಮನಸ್ಸಿಲ್ಲದಿದ್ದರೆ ಕಾಯಿರಿ ಎಂದು ಕೊಳ್ಳುವವರಿಗೆ ತಿಳಿಸುತ್ತದೆ. ಅಲ್ಲಿ ಅರ್ಧ ಆಟವಾದರೂ ಕೈಗೆ ಸಿಗುತ್ತದೆ. ಅರ್ಧ ಫ್ಲ್ಯಾಟಿನಲ್ಲಿ ಸಂಸಾರ ಹೂಡಲಾಗದು. ಮನೆ ಬಾಡಿಗೆಯನ್ನೂ ಬ್ಯಾಂಕಿನ ಬಡ್ಡಿಯನ್ನೂ ಒಟ್ಟಿಗೆ ಕಟ್ಟುತ್ತಾ ಕುಟುಂಬ ಕಾಯಬೇಕು. ಬಿಲ್ಡರ್ ಒಂದು ಯೋಜನೆಯ ಹಣವನ್ನು ಇನ್ನೊಂದು ಜಮೀನಿಗೆ ಸುರಿದರೆ ಕೆಲಸ ನಿಲ್ಲುತ್ತದೆ. ಕಟ್ಟಡ ಎದ್ದರೂ ವಾಸಕ್ಕೆ ಅನುಮತಿಸುವ ಪ್ರಮಾಣಪತ್ರ (ಓಸಿ) ಸಿಗದಿದ್ದರೆ ನೀರಿನ ಸಂಪರ್ಕಕ್ಕೂ ಅಲೆಯಬೇಕು.

ಕರ್ನಾಟಕದಲ್ಲಿ ಫ್ಲ್ಯಾಟು ಮಾರಾಟಕ್ಕೆ 1972ರ ಕಾನೂನಿತ್ತು, ಆದರೆ ಅದನ್ನು ಜಾರಿ ಮಾಡುವ ಪ್ರತ್ಯೇಕ ಪ್ರಾಧಿಕಾರ ಇರಲಿಲ್ಲ. ಕೇಂದ್ರದ 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಗೆ ರಾಜ್ಯದ ನಿಯಮಗಳು 2017ರ ಜುಲೈನಲ್ಲಿ ಬಂದವು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಳ್ಳುವವರ ಹಣದ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಯ ಜಮೀನಿಗೂ ಕಟ್ಟಡಕ್ಕೂ ಮಾತ್ರ ಬಳಸಬೇಕು. ತಡವಾದರೆ ಬಡ್ಡಿ ಕೊಡಬೇಕು, ಇಲ್ಲವೆ ಬಡ್ಡಿಸಹಿತ ಹಣ ಹಿಂತಿರುಗಿಸಬೇಕು. ಹಳೆಯ ಮೋಸದ ದಾರಿಗಳನ್ನು ಬಲ್ಲವರು ಬರೆದ ಕಾಯ್ದೆ ಇದು. ದುರ್ಬಲವಾಗಿರುವುದು ವಸೂಲಿ: ರೇರಾ ಪ್ರಾಧಿಕಾರ ಆದೇಶಿಸಿದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕಾದದ್ದು ಕಂದಾಯ ಇಲಾಖೆ, ಆ ಬಾಕಿಯಲ್ಲಿ ಬಹುಪಾಲು ಇನ್ನೂ ಬಂದಿಲ್ಲ.